ಬೀದಿಗೆಲ್ಲಾ ಲಗ್ನಪತ್ರಿಕೆ

ಹುಟ್ಟಿದ ಊರು ಪೂರ್ತಿ ಗೊತ್ತು ಎನ್ನುವವನನ್ನು ಯಾವ ಕೆಲಸಕ್ಕೂ ಕಳಿಸಬಾರದು. ಇಪ್ಪತ್ತನಾಲ್ಕು ವರ್ಷ ನಂಜನಗೂಡಿನಲ್ಲೇ ಬೆಳೆದ ನಾನೂ ಊರೆಲ್ಲಾ ಗೊತ್ತು ಎಂದುಕೊಂಡಿದ್ದೆ. ನಿಜವಾಗಿ ನನಗೆ ಗೊತ್ತಿದ್ದುದು ನಮ್ಮ ಮನೆ, ಹೊಳೆ, ತಾಂಡ್ಯದ ಫ್ಯಾಕ್ಟರಿಗೆ ಹೋಗುವ ಬಸ್ಸು ನಿಲ್ಲುವ ಜಾಗ, ಇಷ್ಟೇ. ಇದು ತಿಳಿದದ್ದು ತೊಂಬತ್ತೆಂಟರಲ್ಲಿ, ಅಕ್ಕನ ಮದುವೆಗೆ ಎಂಟು ದಿನವಿದ್ದಾಗ.

ಅಪ್ಪ ಇಲ್ಲದ ಮನೆ. ಧಾರೆಗೆ ದೊಡ್ಡಪ್ಪನೇ ನಿಲ್ಲಬೇಕು. ಅವರೋ, ಮೊದಲ ಪತ್ರಿಕೆ ತಮಗೆ ಬರದಿದ್ದರೆ ಮದುವೆಯ ಕಡೆ ತಲೆ ಹಾಕುವವರಲ್ಲ. "ಸ್ಟೇಷನ್ ಹಿಂದ್ಗಡೆ ಹೊಸ ಮನೆಗೆ ಹೋಗವ್ರೆ, ಯಾರ್ನಾದ್ರೂ ಕೇಳ್ಕೊಂಡೋಗು" ಎಂದಳು ಅಮ್ಮ. "ನಮ್ಮೂರಲ್ಲಿ ನಾನ್ಯಾಕೆ ಕೇಳ್ಲಿ?" ಎಂದು ದೊಡ್ಡಪ್ಪನದೂ ಉಳಿದ ನೆಂಟರದೂ ಸೇರಿ ಹನ್ನೆರಡು ಪತ್ರಿಕೆ, ಕುಂಕುಮದ ಭರಣಿ ಚೀಲಕ್ಕೆ ಹಾಕಿಕೊಂಡು ಹೊರಟೆ.

ಸ್ಟೇಷನ್ನಿನ ಹಿಂದೆ ಮೂರು ತಿರುವು ಕಳೆಯುವಷ್ಟರಲ್ಲಿ ನಾನು ಜನ್ಮದಲ್ಲಿ ಕಂಡಿರದ ಬೀದಿಯೊಂದರಲ್ಲಿದ್ದೆ. ಬಿಸಿಲಿಗೆ ಸುಸ್ತಾಗಿ ಒಂದು ಜಗಲಿಯ ಮೇಲೆ ಕುಳಿತೆ. ನೀರು ತಂದ ಮನೆಯಾಕೆ ಚೀಲದಲ್ಲಿದ್ದ ಭರಣಿ ಕಂಡವರೇ ಸೆರಗು ಹೊದ್ದು ನಿಂತರು. "ಯಾರ್ ಮದ್ವೆ ಕಣಪ್ಪಾ?" ಅಷ್ಟು ಸಂತೋಷದಿಂದ ಕೇಳಿದವರಿಗೆ ನಿಮಗಲ್ಲ ಎನ್ನುವುದು ಹೇಗೆ? ಕೊಟ್ಟೆ. ಒಂದು ಮನೆಗೆ ಕೊಟ್ಟು ಪಕ್ಕದ ಮನೆ ದಾಟುವಂತಿಲ್ಲ ಎನ್ನುವುದು ನಮ್ಮ ಕಡೆಯ ಪದ್ಧತಿ. ಪಕ್ಕದಾಕೆ ಆಗಲೇ ಬಾಗಿಲಲ್ಲಿದ್ದರು. "ನಮ್ಮನೆ ಬಿಟ್ಬುಟ್ಟು ಓಯ್ತೀಯಾ? ನಾವೇನ್ ಮಾಡಿದ್ದೋ?"

ಅವತ್ತಿನ ಡೈರಿ ಹೀಗಿದೆ: ಮನೆ ಹನ್ನೆರಡು, ಕಾಫಿ ಒಂಬತ್ತು, ಮಜ್ಜಿಗೆ ಮೂರು, ಪರಿಚಯದವರು ಸೊನ್ನೆ. ಕೊನೆಯ ಪತ್ರಿಕೆಯನ್ನಾದರೂ ದೊಡ್ಡಪ್ಪನಿಗೆಂದು ಅಂಗಿಯೊಳಗೆ ಬಚ್ಚಿಟ್ಟಿದ್ದೆ. ಹನ್ನೆರಡನೆಯ ಮನೆಯ ಮುದುಕಿ, "ಗಂಡ ಸತ್ಮೇಲೆ ನನ್ನ ಯಾರೂ ಮದ್ವೆಗ್ ಕರೆಯಾಕಿಲ್ಲ ಮಗಾ" ಎಂದಳು. ಅದೂ ಹೋಯಿತು.

ತಲೆ ಎತ್ತಿದರೆ ಎದುರು ಜಗಲಿಯಲ್ಲಿ ದೊಡ್ಡಪ್ಪ. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ.

"ಬೀದಿಗೆಲ್ಲಾ ಹಂಚ್ಬುಟ್ಯಾ?"

"ಹ್ಞೂಂ ದೊಡ್ಡಪ್ಪ. ನಿಮ್ಗೆ ನಾಳೆ ತತ್ತೀನಿ..."

"ಇನ್ನೂ ಎಲ್ಡ್ ಬೀದಿ ಅವೆ ಕಣಪ್ಪಾ, ಅವ್ನೂ ಮುಗಿಸ್ಕೊಂಡು ನಿಧಾನ್ವಾಗಿ ಬಾ" ಎಂದು ಬಾಗಿಲು ಹಾಕಿಕೊಂಡರು.

ಮರುದಿನ ಅಮ್ಮನೇ ಪತ್ರಿಕೆ ಹಿಡಿದು ಹೋದಳು, ದೊಡ್ಡಪ್ಪ ಬಾಗಿಲು ತೆರೆಯಲಿಲ್ಲ. ಮದುವೆಗೆ ಆ ಬೀದಿಯ ಹನ್ನೆರಡು ಮನೆಯವರೂ ಬಂದರು, ಮುದುಕಿ ಎಲ್ಲರಿಗಿಂತ ಮೊದಲು. ಧಾರೆಗೆ ಸೋದರಮಾವ ನಿಂತರು. ಅದು ಮುಗಿಯುವವರೆಗೂ ಅಮ್ಮ ಛತ್ರದ ಬಾಗಿಲನ್ನೇ ನೋಡುತ್ತಿದ್ದಳು.

ಈಗ ಆ ಬೀದಿಗೆ ಹೋದರೆ ಹನ್ನೆರಡು ಮನೆಯವರೂ ಹೆಸರು ಹಿಡಿದು ಕರೆಯುತ್ತಾರೆ. ಹದಿಮೂರನೆಯ ಮನೆಯ ಜಗಲಿಯಿಂದ ದೊಡ್ಡಪ್ಪ ಮಾತ್ರ ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳುತ್ತಾರೆ: "ಯಾರ್ ಮನೆ ಬೇಕಾಗಿತ್ತಪ್ಪಾ?"