ಬಿನ್ ಮಹಮೂದಿನ ಯುದ್ಧದ ಆನೆ

ದಪ್ಪಗಿರುವವರೆಲ್ಲ ಧೈರ್ಯವಂತರು ಎಂದು ಜನ ಯಾಕೆ ನಂಬುತ್ತಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಆರಡಿ ಎತ್ತರ, ಅದಕ್ಕೆ ತಕ್ಕ ಅಗಲ, ಮೇಲೊಂದು ದಟ್ಟ ಮೀಸೆ. ಒಳಗಿರುವವನು ಮಾತ್ರ ದನಿ ಏರಿಸಲು ಬಾರದ ಒಬ್ಬ ಗುಮಾಸ್ತ. ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ ನಾವಿದ್ದ ಮೂರು ಮಹಡಿಯ ಹಳೆಯ ಕಟ್ಟಡದಲ್ಲಿ ಈ ಒಳಗಿನ ಸುದ್ದಿ ಹೆಂಡತಿಗೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಹಾಗಾಗಿ ಅಲ್ಲಿ ಯಾರಿಗೆ ಯಾರೊಡನೆ ಜಗಳವಿದ್ದರೂ ನನ್ನನ್ನು ಜೊತೆಗೆ ಕರೆದೊಯ್ಯುವುದು ರೂಢಿಯಾಗಿಬಿಟ್ಟಿತ್ತು. ಕೆಳಗಿನ ಮನೆಯ ಹಮೀದ್ ಉಳ್ಳಾಲದವರು. ಪಕ್ಕದ ನಜ್ಮಾ ಬಡಾವಣೆಯ ದರ್ಜಿಯೊಬ್ಬ ಅವರ ಪ್ಯಾಂಟನ್ನು ಗಿಡ್ಡ ಮಾಡಿಟ್ಟಾಗ ಬಂದು ಬಾಗಿಲು ತಟ್ಟಿದರು. "ವಿಲ್ಲಿಯಣ್ಣ, ನೀವೆಂತ ಮಾತಾಡುದು ಬೇಡ ಮಾರಾಯ್ರೆ. ನನ್ನ ಹಿಂದೆ ಸುಮ್ಮನೆ ನಿಂತ್ರೆ ಸಾಕು." ನಿಂತೆ. ದರ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೊಸ ಪ್ಯಾಂಟನ್ನೇ ಹೊಲಿದುಕೊಟ್ಟ. ಅವನು ಮನಸ್ಸಿನಲ್ಲೇ ನನ್ನ ಅಳತೆ ತೆಗೆಯುತ್ತಿದ್ದನೋ ಏನೋ, ಕೀರ್ತಿಯಂತೂ ನನಗೇ ಬಂತು.

ತೊಂಬತ್ತರ ದಶಕದ ಒಂದು ಸೆಪ್ಟೆಂಬರಿನಲ್ಲಿ ನಮ್ಮ ಏಕೈಕ ಮಲಗುವ ಕೋಣೆಯ ಕಿಟಕಿ ಎಸಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ದೋಹಾದ ಸೆಪ್ಟೆಂಬರ್ ಎಂದರೆ ಏನೆಂದು ಅಲ್ಲಿ ಬೆವರಿದವರಿಗೇ ಗೊತ್ತು. ಎಂಟನೆಯ ಕ್ಲಾಸಿನ ಮಗಳು ಶೈಲಾಳ ಕುತ್ತಿಗೆ ತುಂಬ ಬೆವರುಸಾಲೆ ಎದ್ದಿತು. ನಿದ್ದೆಯಿಲ್ಲದೆ ಹುಡುಗಿ ಶಾಲೆಯಲ್ಲಿ ತೂಕಡಿಸತೊಡಗಿದಳು. ಮುಂದಿನ ವಾರ ಅವಳಿಗೆ ಭಾಷಣ ಬೇರೆ. ಪ್ರಾಚೀನ ಯುದ್ಧಗಳಲ್ಲಿ ಆನೆಯ ಬಲವೇನು, ದೌರ್ಬಲ್ಯವೇನು ಎಂಬ ವಿಷಯ.

"ಪಪ್ಪಾ, ಆನೆದು ಸ್ಟ್ರೆಂತ್ ಎಂತೆಲ್ಲ ಉಂಟು, ಹೇಳಿ."

ಒದ್ದೆ ಟವೆಲು ಹೊದ್ದು ನೆಲದ ಮೇಲೆ ಬಿದ್ದಿದ್ದವನು ಎದ್ದು ಕುಳಿತೆ. ಆನೆ ಕಂಡರಿಯದ ಕುದುರೆಗಳು ಅದರ ವಾಸನೆಗೇ ಹಿಮ್ಮೆಟ್ಟುತ್ತವೆ, ಬೆನ್ನ ಮೇಲೆ ಕೂತ ಬಿಲ್ಲುಗಾರನಿಗೆ ಇಡೀ ರಣರಂಗ ಕಾಣುತ್ತದೆ, ನುಗ್ಗಿದರೆ ಕಾಲಾಳುಗಳ ಸಾಲು ಚೆಲ್ಲಾಪಿಲ್ಲಿ, ನುಗ್ಗದೆ ಬರಿದೇ ನಿಂತರೂ ಅರ್ಧ ಯುದ್ಧ ಗೆದ್ದಂತೆ ಎಂದೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಎದೆಯೇ ಉಬ್ಬಿತು. "ವೀಕ್‌ನೆಸ್?" ಎಂದಳು. "ಇಲ್ಲ ಅಂತ ಬರಿ" ಎಂದೆ. ಅವಳು ನನ್ನನ್ನು ನಂಬದೆ ಶಾಲೆಯ ಲೈಬ್ರರಿಯಿಂದ ತಂದ ದಪ್ಪ ಪುಸ್ತಕ ತೆರೆದಳು.

"ಅದಕ್ಕೆ ಬೆಂಕಿ ಅಂದ್ರೆ ಹೆದರಿಕೆ. ಹಂದಿ ಕಿರುಚಿದ್ರೂ ಹೆದರಿಕೆ. ತುಂಬಾ ತಿನ್ತದೆ. ಗಾಬರಿ ಆದ್ರೆ ಟರ್ನ್ ಆಗಿ ತನ್ನ ಆರ್ಮಿಯನ್ನೇ ತುಳೀತದೆ. ಅದಕ್ಕೆ ಮಾವುತನ ಹತ್ರ ಒಂದು ಉಳಿ, ಒಂದು ಸುತ್ತಿಗೆ ಇರ್ತಿತ್ತಂತೆ ಪಪ್ಪಾ. ಟರ್ನ್ ಆದ ಕೂಡ್ಲೆ ಕುತ್ತಿಗೆಗೆ ಹೊಡ್ದು ಖಲಾಸ್!"

ನಾನು ದಂಗಾದೆ. ಸಾಕಿದವನೇ, ದಿನವೂ ಮೈ ತೊಳೆದವನೇ ಉಳಿ ಇಟ್ಟುಕೊಂಡು ಕೂತಿರುವುದೇ? ಕೈ ತನ್ನಷ್ಟಕ್ಕೆ ಕುತ್ತಿಗೆಯ ಹಿಂಭಾಗಕ್ಕೆ ಹೋಯಿತು. ಅಡುಗೆಮನೆಯಿಂದ ಹೆಂಡತಿ ಲೀನಾ, "ಬುದ್ಧಿವಂತ ಮಾವುತ" ಎಂದಳು.

ಬುಧವಾರ ಸಂಜೆ ಕಟ್ಟಡದ ಮ್ಯಾನೇಜರನ ಆಫೀಸಿಗೆ ದಂಡೆತ್ತಿ ಹೋದೆವು. "ನೀವು ಮುಂದೆ, ನಾನು ಹಿಂದೆ" ಎಂದು ಲೀನಾ ಮೆಟ್ಟಿಲಲ್ಲೇ ಅಪ್ಪಣೆ ಕೊಟ್ಟಿದ್ದಳು. "ಹೊಸ ಎಸಿ ಬೇಕು ಅಂತ ಹೇಳಿ. ಬೇರೆ ಒಂದಕ್ಷರ ಬೇಡ." ಮ್ಯಾನೇಜರ್ ಸುಡಾನಿನ ಒಬ್ಬ ಸಣಕಲು ಹಿರಿಯ. ನನ್ನನ್ನು ಕಂಡೊಡನೆ ಎದ್ದು ನಿಂತ. ಹೆದರಿದ ಎಂದುಕೊಂಡೆ. ಅವನು ಎದ್ದದ್ದು ನನಗೆ ದೊಡ್ಡ ಕುರ್ಚಿ ಬಿಟ್ಟುಕೊಡಲು! ಸುಲೈಮಾನಿ ಚಹಾ ತರಿಸಿದ, ನನ್ನ ತಾಯಿಯ ಆರೋಗ್ಯ ಕೇಳಿದ. ಜಗಳಕ್ಕೆ ಸಜ್ಜಾಗಿ ಹೋಗಿದ್ದ ನನಗೆ ಉಪಚಾರವನ್ನು ಎದುರಿಸುವ ಅಭ್ಯಾಸವಿರಲಿಲ್ಲ. ಆ ತಂಪು ಕೋಣೆಯಲ್ಲಿ ಕರಗಿಯೇ ಹೋದೆ. "ಎಸಿ ಬಹಳ ಓಡುತ್ತಿತ್ತೇ?" ಎಂದು ಅವನು ಹಿಂದಿಯಲ್ಲಿ ಮೆತ್ತಗೆ ಕೇಳಿದ.

"ಅಯ್ಯೋ, ಹಗಲು ರಾತ್ರಿ!" ಎಂದೆ. "ನಾನು ಬೇಡ ಅಂತಲೇ ಹೇಳುತ್ತೇನೆ, ಇವಳು ಕೇಳಬೇಕಲ್ಲ. ಕಿಟಕಿ ತೆರೆದಿಟ್ಟು ಮೀನು ಹುರಿಯುತ್ತಾಳೆ, ಅದು ಓಡುತ್ತಲೇ ಇರುತ್ತದೆ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ನನ್ನದೇ ದನಿ ಎಂದು ಗೊತ್ತಾಯಿತು. ಮ್ಯಾನೇಜರ್ ಬೇಸರದಿಂದಲೇ ಫೈಲು ಮುಚ್ಚಿ, ಬಳಸಿದವರ ತಪ್ಪಾದ್ದರಿಂದ ಹೊಸದು "ಮಾಫಿ", ಅಂದರೆ ಇಲ್ಲ, ಎಂದ. ವಾಪಸು ಮೆಟ್ಟಿಲು ಹತ್ತುವಾಗ ಲೀನಾ ಮುಂದೆ, ನಾನು ಹಿಂದೆ. ಅವಳು ಬೈದಿದ್ದರೆ ಎಷ್ಟೋ ಹಿತವಾಗುತ್ತಿತ್ತು.

ಮರುದಿನ ಗುರುವಾರ, ಅಲ್ಲಿನ ವಾರಾಂತ್ಯ; ಶಾಲೆಗೆ ರಜೆ, ನನಗೆ ಅರ್ಧ ದಿನ ಕೆಲಸ. ಮಧ್ಯಾಹ್ನ ಆಫೀಸಿನಿಂದ ಬಂದರೆ ಮನೆಗೆ ಬೀಗ. ತವರಿಗೆ ಹೋದಳೇ ಎಂದು ಗಾಬರಿಯಾದೆ. ನಡುವೆ ಸಮುದ್ರವಿದೆ ಎನ್ನುವುದೂ ಆ ಕ್ಷಣ ಹೊಳೆಯಲಿಲ್ಲ. ಹಮೀದ್ ಹೇಳಿದ ದಿಕ್ಕಿನಲ್ಲಿ ಓಡಿದೆ. ಮ್ಯಾನೇಜರನ ಎಸಿ ಕೋಣೆಯ ಸೋಫಾದ ಮೇಲೆ ಲೀನಾ ಸ್ವೆಟರ್ ಹೆಣೆಯುತ್ತಾ ಕುಳಿತಿದ್ದಳು. ಪಕ್ಕದಲ್ಲಿ ಶೈಲಾ ಭಾಷಣ ಬರೆಯುತ್ತಿದ್ದಳು. ಇಬ್ಬರ ನಡುವೆ ಮೀನು ಫ್ರೈಯ ಟಿಫಿನ್ ತೆರೆದಿತ್ತು. ಬೆಳಿಗ್ಗೆ ಎಂಟಕ್ಕೇ ಬಂದು, "ಘರ್ ಮೇ ಗರ್ಮಿ. ಬಚ್ಚಿ ಇಧರ್ ಪಢೇಗಿ. ಆಪ್ ಕಾಮ್ ಕರೋ" ಎಂದಷ್ಟೇ ಹೇಳಿ ಕೂತವಳು ಎದ್ದಿರಲಿಲ್ಲವಂತೆ. ಕೂಗಿಲ್ಲ, ಕಣ್ಣೀರು ಹಾಕಿಲ್ಲ. ಮ್ಯಾನೇಜರ್ ಒಂದು ಕೈಯಲ್ಲಿ ಮೀನಿನ ತುಂಡು, ಇನ್ನೊಂದರಲ್ಲಿ ಫೋನು ಹಿಡಿದು ಅಂಗಡಿಯವನಿಗೆ ಹೊಸ ಎಸಿ ತಲುಪಿಸಬೇಕಾದ ವಿಳಾಸ ಹೇಳುತ್ತಿದ್ದ.

ನಾಲ್ಕು ಗಂಟೆಗೆ ವ್ಯಾನು ಬಂತು. ಡ್ರೈವರ್ ಪೆಟ್ಟಿಗೆಯನ್ನು ಕೆಳಗಿಳಿಸಿ, "ಯಲ್ಲಾ" ಎಂದು ಹೊರಟೇಹೋದ. ನಮ್ಮದು ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಹೊರಬಂದ ಹಮೀದ್ ನನ್ನನ್ನು ದಾಟಿ, ಆಗಲೇ ಮನೆ ಸೇರಿ ಬಾಲ್ಕನಿಯಲ್ಲಿ ನಿಂತಿದ್ದ ಲೀನಾಳತ್ತ ನೋಡಿದರು. "ಲೀನಕ್ಕ, ನಾಳೆ ಬಾತ್‌ರೂಮ್ ರಿಪೇರಿಯವನ ಹತ್ರ ಮಾತಾಡ್ಲಿಕ್ಕುಂಟು. ನೀವು ಒಮ್ಮೆ ಬರ್ತೀರಾ?" ನಾನು ಎದುರಿಗೇ ಇದ್ದೆ, ಅಷ್ಟು ಅಗಲ ಇದ್ದೆ, ಆದರೂ ಅವರಿಗೆ ಕಾಣಲಿಲ್ಲ!

ಪೆಟ್ಟಿಗೆಯನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತತೊಡಗಿದೆ. ಎರಡನೆಯ ಮಹಡಿಯ ತಿರುವಿನಲ್ಲಿ ಶೈಲಾ ಪುಸ್ತಕ ಹಿಡಿದು ಇಳಿದುಬಂದಳು.

"ಪಪ್ಪಾ, ಇಲ್ಲಿ ಇನ್ನೊಂದು ಉಂಟು. ಫಿರಂಗಿ ಬಂದ ಮೇಲೆ ಆನೆಯನ್ನು ಫೈಟಿಂಗಿಗೆ ಕರೀಲಿಲ್ಲಂತೆ. ಭಾರ ಹೊರ್ಲಿಕ್ಕೆ ಮಾತ್ರ ಇಟ್ಕೊಂಡ್ರಂತೆ. ಇದನ್ನು ಸ್ಟ್ರೆಂತಲ್ಲಿ ಹಾಕ್ಲಾ, ವೀಕ್‌ನೆಸ್ಸಲ್ಲಾ?"

ಸ್ಟ್ರೆಂತ್ ಎನ್ನಲು ಬಾಯಿ ತೆರೆದೆ. ಬಂದದ್ದು ಏದುಸಿರು ಮಾತ್ರ. ಮೇಲಿನಿಂದ ಲೀನಾ ಹೇಳಿದಳು: "ಅದು ಮತ್ತೆ ಬರಿ ಮಗಾ. ಮೊದ್ಲು ಬದಿಗೆ ಸರಿ, ಪಪ್ಪ ಟರ್ನ್ ಆಗ್ಲಿಕ್ಕೆ ಜಾಗ ಇಲ್ಲ."