ಬೆರಳು ಆಡಿಸುವ ಡಾಕ್ಟರನ್ನು ಹುಡುಕಿದ್ದು

ನಮ್ಮ ಮನೆಯಲ್ಲಿ ಯಾರೇ ಒಂದು ಕೆಲಸಕ್ಕೆ ಹೊರಟರೂ ದಾರಿಯಲ್ಲಿ ಇನ್ನೊಂದು ಆಗಿಯೇ ತೀರುತ್ತದೆ. ಎಲ್ಲವನ್ನೂ ಬರೆದಿಡುವ ರೂಢಿ ನನಗೆ ಕಾಲೇಜಿನಿಂದಲೂ ಇದೆ. ಹಾಗಾಗಿ ಯಾವುದನ್ನೂ ನಡೆದೇ ಇಲ್ಲ ಎನ್ನುವಂತಿಲ್ಲ.

ಹೋದ ವರ್ಷ ಇಳಕಲ್ಲಿನಿಂದ ಹುನಗುಂದಕ್ಕೆ ಹೊರಟಿದ್ದ ಬಸ್ಸು ಹೊಲಕ್ಕೆ ಉರುಳಿತು. ಒಳಗೆ ನಾನೂ ಸೊಸೆಯೂ ಇದ್ದೆವು. ನಮ್ಮ ಮುಂದಿನ ಸೀಟಿನಾಕೆ ಮತ್ತೆ ಏಳಲಿಲ್ಲ. ನನ್ನ ಮೊಣಕೈ ತರಚಿತು. ಸೊಸೆಗೆ ಗಾಯವೇ ಆಗಲಿಲ್ಲ, ಆದರೆ ಅಂದಿನಿಂದ ಆಕೆ ಬಸ್ಸು ಹತ್ತಲಿಲ್ಲ. ಆಕೆ ಗಣಿತ ಕಲಿಸುವ ಹೈಸ್ಕೂಲು ಹುನಗುಂದದ ಆಚೆಯ ಹಳ್ಳಿಯಲ್ಲಿದೆ. ಅಲ್ಲಿಗೆ ಹೋಗುವುದು ಒಂದೇ ಬಸ್ಸು. ರಜೆ ಮುಗಿಯುತ್ತ ಬಂದಿತ್ತು.

ನಮ್ಮ ಮನೆಯ ಡಾಕ್ಟರು ಹೇಳಿದರು: "ಬೆರಳು ಆಚೀಚಿ ಆಡಸ್ತಾರ್ರಿ, ಕಣ್ಣು ಅದರ ಹಿಂದ ಹೋಗ್ತಾವು. ಹಂಗ ಮಾಡಿ ಎದಿಯೊಳಗಿನ ಹೆದರಿಕಿ ಇಳಸೂ ಚಿಕಿತ್ಸೆ ಐತಿ. ಕಲತವರನ್ನ ಹುಡುಕ್ರಿ."

೧. ಕಣ್ಣಿನ ದವಾಖಾನೆ

ಕಣ್ಣಿನ ವಿಷಯವಾದ್ದರಿಂದ ಮೊದಲು ಕಣ್ಣಿನ ದವಾಖಾನೆಯಲ್ಲೇ ವಿಚಾರಿಸಿದೆ. ನಾನು ಬಾಯಿ ಬಿಡುವ ಮೊದಲೇ ನರ್ಸ್ ಕೂರಿಸಿ ಎರಡೂ ಕಣ್ಣಿಗೆ ಔಷಧ ಬಿಟ್ಟಳು.

"ಸೊಸಿಗೆ ತ್ರಾಸ ಐತವ್ವಾ, ನನಗಲ್ಲ," ಎಂದೆ.

"ಎಲ್ಲಾರೂ ಹಂಗ ಅಂತಾರ್ರಿ. ಕಣ್ಣು ಮುಚ್ಚಿ ಕೂಡ್ರಿ."

ಸಂಜೆಯವರೆಗೆ ಅಕ್ಷರ ಕಾಣಲಿಲ್ಲ. ಇಡೀ ನೋಟ್‌ಬುಕ್ಕಿನಲ್ಲಿ ಆ ದಿನದ ಪುಟವೊಂದೇ ಖಾಲಿ.

೨. ಲಾಳಿ

ನಮ್ಮ ಓಣಿಯಲ್ಲಿ ಸೀರೆ ನೇಯುವ ಚಾಚಾ ಸುದ್ದಿ ಕೇಳಿ ನಮ್ಮಿಬ್ಬರನ್ನೂ ಕರೆದರು. "ಅಕ್ಕಾರ, ಅದಕ್ಕ ಡಾಕ್ಟರ್ ಯಾಕ? ಸೊಸಿನ್ನ ನನ್ನ ಮಗ್ಗದ ಮುಂದ ಕೂಡ್ರಸ್ರಿ. ಲಾಳಿ ಆಚೀಚಿ ಓಡತೈತಿ, ಕಣ್ಣೂ ಓಡತಾವು. ನಲವತ್ತು ವರ್ಷದಿಂದ ನಂದು ಇದ ಚಿಕಿತ್ಸೆ. ನೋಡ್ರಿ, ನನಗೇನರ ಚಿಂತಿ ಐತೇನು?"

ಒಳಗಿನಿಂದ ಅವರ ಹೆಂಡತಿ ಕೂಗಿದರು: "ಎಲ್ಲಿಂದ ಇರತೈತ್ರಿ? ಅವರ ಚಿಂತಿ ಎಲ್ಲಾ ನಾನ ಮಾಡ್ತೇನಿ!"

ಸೊಸೆ ನಕ್ಕಳು. ಬಸ್ಸು ಬಿದ್ದ ಮೇಲೆ ಮೊದಲ ಸಲ. ತಾರೀಖು ಬರೆದುಕೊಂಡೆ.

೩. ಬಾದಾಮಿಯ ಫೋನು

ಬಾದಾಮಿಯಲ್ಲಿ ಒಬ್ಬರು ಈ ಚಿಕಿತ್ಸೆ ಮಾಡುತ್ತಾರೆಂದು ಯಾರೋ ನಂಬರು ಕೊಟ್ಟರು. ಫೋನು ಹಚ್ಚಿದೆ.

"ಎಲ್ಲಿ ಕಲತೀರಿ?"

"ವಿಡಿಯೋ ನೋಡಿ ಕಲತೇನ್ರಿ, ಮೇಡಂ."

"ಪೂರ್ತಿ ನೋಡೀರೇನು?"

"ಕಣ್ಣು ಆಡಸೂತನಕ ನೋಡೇನ್ರಿ. ನಿಲ್ಲಸೂದು ಮುಂದಿನ ಭಾಗದಾಗ ಐತಂತ."

ಆ ನಂಬರಿನ ಮೇಲೆ ಅಡ್ಡಗೆರೆ ಎಳೆದೆ.

೪. ವಿದ್ಯಾಗಿರಿ

ಕೊನೆಗೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಬ್ಬಾಕೆ ಸಿಕ್ಕರು. ಸರಿಯಾಗಿ ತರಬೇತಿಯಾದವರು. ಮೊದಲು ನಾನೊಬ್ಬಳೇ ಹೋಗಿ ಅವರ ಪ್ರಮಾಣಪತ್ರ ಓದಿ, ದಿನ ಗೊತ್ತುಮಾಡಿಕೊಂಡು ಬಂದೆ. ಆ ದಿನ ಸೊಸೆಯನ್ನು ಟಂಟಂ ಆಟೋದಲ್ಲಿ ಕರೆದುಕೊಂಡು ಹೋದೆ.

"ಇವತ್ತ ಬೆರಳು ಆಡಸೂದಿಲ್ರಿ. ಮೊದಲ ಎಲ್ಲಾ ಕೇಳ್ತೇನಿ," ಎಂದರು. ಸೊಸೆಯನ್ನು ಕೇಳಿದ್ದಕ್ಕೆಲ್ಲ ನಾನು ನೋಟ್‌ಬುಕ್ಕು ನೋಡಿ ಉತ್ತರ ಕೊಟ್ಟೆ. ಎಷ್ಟು ಬಸ್ಸು ಬಿಟ್ಟಳು, ಯಾವ ದಿನ ಊಟ ಬಿಟ್ಟಳು, ಎಲ್ಲ. ಡಾಕ್ಟರು ಕೈಚಾಚಿ ನೋಟ್‌ಬುಕ್ಕನ್ನೇ ಇಸಿದುಕೊಂಡರು. ಒಂದು ಪುಟಕ್ಕೆ ಬಂದು ನಿಂತರು.

"ನೀವ ಬರದೀರಿ: 'ವಿದ್ಯಾಗಿರಿಗೆ ಒಬ್ಬಳೇ ಹೋಗಿ ಬಂದೆ. ಹೋಗುವಾಗ ಮೂರು ಟಂಟಂ, ಬರುವಾಗ ಮೂರು.' ಇಳಕಲ್ಲಿಂದ ನೆಟ್ಟಗ ಬಸ್ ಐತೆಲ್ರಿ?"

"ಸೊಸಿ ಬಸ್ ಹತ್ತೂದಿಲ್ರೀ."

"ಸೊಸಿ ಅವತ್ತ ಮನಿಯಾಗ ಇದ್ರು."

ನೋಟ್‌ಬುಕ್ಕಿಗೆ ಕೈ ಚಾಚಿದೆ. ಆ ಮುಂದಿನ ಸೀಟಿನಾಕೆಯ ಹಸಿರು ಸೆರಗು ಕಣ್ಣ ಮುಂದೆ ಬಂತು. ಅದನ್ನು ನಾನು ಎಲ್ಲಿಯೂ ಬರೆದಿರಲಿಲ್ಲ.

ಸೊಸೆ ನನ್ನ ಕೈ ಹಿಡಿದಳು. ಆಮೇಲೆ ಡಾಕ್ಟರಿಂದ ನೋಟ್‌ಬುಕ್ಕು ಇಸಿದುಕೊಂಡು ಹೊಸ ಪುಟ ತೆಗೆದಳು. "ಅತ್ತಿ, ನಿಮ್ಮದು ಇನ್ನ ನಾ ಬರೀತೇನಿ," ಎಂದಳು. ಬರೆದು ನನ್ನ ಮುಂದಿಟ್ಟಳು: "ಅತ್ತೆ. ವಯಸ್ಸು ಅರವತ್ತೈದು. ಬಸ್ಸು ಹತ್ತುವುದಿಲ್ಲ. ಕೇಳಿದರೆ ಸೊಸೆಯ ಹೆಸರು ಹೇಳುತ್ತಾರೆ."

ಎರಡು ಸಲ ಓದಿದೆ. ತಪ್ಪು ಒಂದೇ ಇತ್ತು. ವಯಸ್ಸನ್ನು ಅರವತ್ತನಾಲ್ಕು ಎಂದು ತಿದ್ದಿ, ಕೆಳಗೆ ಸಹಿ ಮಾಡಿದೆ.