ಎರಡನೇ ಇಂಬಳ

ಶಶಿಕಿರಣ್ ಆ ಬೆಳಿಗ್ಗೆ ಬಿಳಿ ಪ್ಯಾಂಟು ಹಾಕದೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಬಿಳಿ ಪ್ಯಾಂಟು ಹಾಕುವ ಧೈರ್ಯವನ್ನು ಜಾವಳಿಯಲ್ಲಿ ಈವರೆಗೆ ಯಾರೂ ಮಾಡಿರಲಿಲ್ಲ. ಆದರೆ ಅಂದು ಬಿ.ಎ. ಕೊನೆಯ ವರ್ಷದ ಮೊದಲ ದಿನ. ಕನ್ನಡ ವಿಭಾಗದ ರುದ್ರಾಣಿ ಮೇಡಂ ಹಿಂದಿನ ದಿನವೇ ಗ್ರೂಪಿಗೆ ಮೆಸೇಜು ಹಾಕಿದ್ದರು: 'ನಾಳೆ ಮೊದಲ ಪೀರಿಯಡ್‌ನಲ್ಲಿ ಸ್ವಂತ ಕತೆ ಓದಿ. ಯಾರು ಗೆಲ್ಲುತ್ತಾರೋ ಅವರು ಈ ವರ್ಷದ ಕಾಲೇಜು ಪತ್ರಿಕೆಯ ಸಂಪಾದಕರು.'

ಆ ಪತ್ರಿಕೆ ಇಷ್ಟು ದಿನ ಶಶಿಕಿರಣನ ಕತೆಗಳನ್ನೆಲ್ಲ ವಾಪಸು ಕಳಿಸಿತ್ತು. ಈ ಸಲ ವಾಪಸು ಕಳಿಸುವವನು ತಾನೇ ಆಗಬೇಕೆಂಬುದು ಅವನ ಹಟ.

ಸಂಪಾದಕನ ಹಾಗೆ ಕಾಣಬೇಕೆಂದು ಆ ಪ್ಯಾಂಟು ಹಾಕಿ ಕನ್ನಡಿಯ ಮುಂದೆ ನಿಂತದ್ದು ಹೆಚ್ಚಾಯಿತು. ತಿರುವಿನಲ್ಲಿ ಮೂಡಿಗೆರೆ ಬಸ್ಸಿನ ಹಾರನ್ನು ಕೇಳಿಸಿತು. ರಸ್ತೆ ಹಿಡಿದರೆ ಬಸ್ಸು ತಪ್ಪುತ್ತದೆ. ತಿಮ್ಮಪ್ಪನವರ ಎಸ್ಟೇಟಿಗೆ ನುಗ್ಗಿ, ಕಾಫಿ ಗಿಡಗಳ ಸಂದಿಯಲ್ಲಿ, ಒದ್ದೆ ತರಗೆಲೆ ತುಳಿಯುತ್ತ ಓಡಿ ಬಸ್ಸು ಹತ್ತಿದ.

ಸಿಕ್ಕಿದ ಸೀಟು ಪಕ್ಕದ ಮನೆಯ ಶಂಕರಮ್ಮನ ಪಕ್ಕದ್ದು. ಆಕೆ ಅವನ ಮುಖ ನೋಡಲಿಲ್ಲ, ಕಾಲು ನೋಡಿದರು.

"ಪ್ಯಾಂಟಿಗೆ ಕುಂಕುಮ ಹಚ್ಕೊಂಡು ಬಂದಿದೀಯಲ್ಲ ಮಾರಾಯ."

ಪಾದದ ಮೇಲೆ ಮಳೆಗಾಲದ ಜಿಗಣೆ, ಇಂಬಳವೊಂದು, ಹೊಟ್ಟೆ ತುಂಬ ರಕ್ತ ಹೀರಿ, ಮದುವೆ ಊಟ ಮುಗಿಸಿದ ಬೀಗರ ಹಾಗೆ ಒರಗಿಕೊಂಡಿತ್ತು.

"ಒಳದಾರೀಲಿ ಬಂದ್ಯಾ?"

"ಬಸ್ಸು ಹೋಗ್ತಿತ್ತಲ್ಲ ಅತ್ತೆ."

ಬಸ್ಸಿನವರೆಲ್ಲ ವೈದ್ಯರಾದರು. ಒಬ್ಬರು ಉಪ್ಪು ಹಾಕಿ ಎಂದರು. ಇನ್ನೊಬ್ಬರು ಬೆಂಕಿಕಡ್ಡಿ ಗೀರಿದರು. "ಬಸ್ಸು ಸುಟ್ರೆ ಉತ್ತರ ಕೊಡೋನು ನಾನು," ಎಂದು ಕಂಡಕ್ಟರ್ ಅದನ್ನು ಊದಿ ಆರಿಸಿದ. ಶಂಕರಮ್ಮ ಯಾರ ಮಾತಿಗೂ ಕಿವಿಗೊಡದೆ ಎಲೆ ಅಡಿಕೆ ಸಂಚಿ ಬಿಚ್ಚಿ, ಹೊಗೆಸೊಪ್ಪಿಗೆ ಸುಣ್ಣ, ನೀರು ಸೇರಿಸಿ ಅಂಗೈಯಲ್ಲಿ ತಿಕ್ಕಿ ಮುಟ್ಟಿಸಿದರು. ಇಂಬಳ ಉದುರಿತು.

"ಇನ್ನು ಎರಡೂ ಕಾಲಿಗೆ ಉಜ್ಕೋ. ಮಂಡಿವರೆಗೂ."

"ಬಿಡ್ತಲ್ಲ ಅತ್ತೆ, ಸಾಕು."

"ಸಾಕಂತೆ. ನಿನ್ ಕೈಯಾರೆ ಉಜ್ಜು. ಸೋಪು ಹಾಕಿ ತೊಳೆದ್ರೂ ನಾಳೆವರೆಗೂ ಒಂದು ಇಂಬಳ ಹತ್ರ ಸುಳಿಯಲ್ಲ."

ಅವನು ಉಜ್ಜಿದ.

"ಈಗ ಅಂಗಿ ಎತ್ತು. ಸೊಂಟ ನೋಡಣ. ಅವು ಒಂಟಿಯಾಗಿ ಬರೋದು ಕಮ್ಮಿ."

ಹಿಂದಿನ ಸೀಟಿನಲ್ಲಿ ಅವನ ಸಹಪಾಠಿ ಧನ್ಯಾ ಕೂತು ನಗುತ್ತಿದ್ದಳು. ಅವಳೂ ಕತೆ ಬರೆದುಕೊಂಡು ಬಂದವಳು. ಎದುರಾಳಿಯ ಮುಂದೆ ಅಂಗಿ ಎತ್ತುವುದುಂಟೇ? "ಅಲ್ಲೇನೂ ಇಲ್ಲ ಅತ್ತೆ," ಎಂದು ಶಶಿಕಿರಣ್ ಕಿಟಕಿಯ ಕಡೆ ತಿರುಗಿದ.

ಕಾಲೇಜಿನ ನಲ್ಲಿಯಲ್ಲಿ ಕೈಕಾಲು ತಿಕ್ಕಿ ತಿಕ್ಕಿ ತೊಳೆದರೂ ಹೊಗೆಸೊಪ್ಪಿನ ವಾಸನೆ ಬಿಡಲಿಲ್ಲ. ಮೊದಲ ಬೆಂಚಿನವರು ಎದ್ದು ಮೂರನೆಯದಕ್ಕೆ ಹೋದರು. ಧನ್ಯಾ ತನ್ನ ಕತೆ ಓದಿದಳು. ಅದು ಚೆನ್ನಾಗಿತ್ತು. ಅವನು ತನ್ನ ಹಾಳೆ ಹಿಡಿದು ಎದ್ದ.

ಅವನ ಕತೆಯ ಹೆಸರು 'ಅಲುಗಾಡದ ಮನುಷ್ಯ'. ಒಬ್ಬ ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯಲ್ಲಿ ಕೂತಿರುತ್ತಾನೆ, ಅಷ್ಟೆ.

"ಅವನು ಕೂತಿದ್ದ. ಅವನ ಕಿರುಬೆರಳೂ ಅಲುಗಲಿಲ್ಲ," ಎಂದು ಓದುವಾಗ ಸೊಂಟದಲ್ಲಿ ತಣ್ಣಗೆ ಏನೋ ಹರಿಯಿತು. ಇಂಬಳ ಕಚ್ಚಿದರೆ ತಿಳಿಯುವುದಿಲ್ಲ, ಜಾಗ ಹುಡುಕುವಾಗ ತಿಳಿಯುತ್ತದೆ. ಈ ಇಂಬಳವೋ ಬಾಡಿಗೆ ಮನೆ ಹುಡುಕುವ ಸಂಸಾರದಂತೆ ಯಾವ ಜಾಗವನ್ನೂ ಒಪ್ಪದೆ ಬೆನ್ನು, ಪಕ್ಕೆ, ಹೊಟ್ಟೆ ಎಲ್ಲ ನೋಡಿ ಬಂತು. ಶಶಿಕಿರಣ್ ಒಂದು ಭುಜ ಎತ್ತಿದ. ಬೆನ್ನನ್ನು ಗೋಡೆಗೆ ಉಜ್ಜಿದ. ಒಂಟಿ ಕಾಲಲ್ಲಿ ನಿಂತು, "ಅವನು ಕಲ್ಲಾಗಿದ್ದ," ಎಂದು ಓದಿದ. ಕೊನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಮೇಜಿನ ಕಾಲು ತಬ್ಬಿಕೊಂಡಿದ್ದ.

ಓದಿ ಮುಗಿದಾಗ ಇಡೀ ತರಗತಿ ಎದ್ದು ನಿಂತಿತು. ಆಮೇಲೆ ಚಪ್ಪಾಳೆ.

ಅವನು ಶೌಚಾಲಯಕ್ಕೆ ಓಡಿ, ಹೊಗೆಸೊಪ್ಪಿನ ಕೈಯಿಂದಲೇ ಇಂಬಳವನ್ನು ಕಿತ್ತು ಕಿಟಕಿಯಾಚೆ ಎಸೆದು ಬಂದ. ರುದ್ರಾಣಿ ಮೇಡಂ ಬಾಗಿಲಲ್ಲೇ ಕಾಯುತ್ತಿದ್ದರು.

"ಮಾತು ಅಲುಗಾಡಲ್ಲ ಅನ್ನತ್ತೆ, ಮೈ ಸುಮ್ಮನಿರಲಾರೆ ಅನ್ನತ್ತೆ. ಇಂಥ ತಳಮಳ ನಾನು ಎಲ್ಲೂ ನೋಡಿಲ್ಲ ಕಣೋ."

"ಕತೆ ಹೇಗಿತ್ತು ಮೇಡಂ?"

"ಕತೆ ಯಾರು ಕೇಳಿಸ್ಕೊಂಡ್ರು? ನಾಳೆ ಪ್ರಿನ್ಸಿಪಾಲರ ಮುಂದೆ ಹೀಗೇ ಓದು. ಇದರಲ್ಲಿ ಒಂಚೂರೂ ಕಮ್ಮಿ ಆಗ್ಬಾರ್ದು. ಹೀಗೇ ಓದಿದ್ರೆ ಸಂಪಾದಕ ನೀನು. ಕಮ್ಮಿಯಾದ್ರೆ ಧನ್ಯಾ."

ಮಧ್ಯಾಹ್ನ ಖಾಲಿ ತರಗತಿಯಲ್ಲಿ ಅವನು ಅಭ್ಯಾಸ ಮಾಡಿದ. ಧನ್ಯಾ ಬಾಗಿಲಿಗೆ ಒರಗಿ ನೋಡಿದಳು.

"ಹೊಟ್ಟೆನೋವು ಬಂದೋರ ಥರ ಇದೆ."

"ಬೆಳಿಗ್ಗೆ ಹೀಗೇ ಮಾಡಿದ್ದಲ್ವಾ?"

"ಬೆಳಿಗ್ಗೆ ಇಬ್ಬರಿದ್ರಿ," ಎಂದಳು ಧನ್ಯಾ. "ನಾಳೆ ಅದನ್ನೂ ಕರ್ಕೊಂಡು ಬಾ."

ಸಂಜೆ ಬಸ್ಸಿಳಿದವನು ಮನೆಗೆ ಹೋಗಲಿಲ್ಲ. ತಿಮ್ಮಪ್ಪನವರ ಎಸ್ಟೇಟಿನಲ್ಲಿ, ಬೆಳಿಗ್ಗೆ ಓಡಿದ ಜಾಗದಲ್ಲೇ, ಪ್ಯಾಂಟು ಮಂಡಿವರೆಗೆ ಮಡಚಿ ನಿಂತ. ಜೇಬಿನಲ್ಲಿ ಒಂದು ಖಾಲಿ ಮಾತ್ರೆ ಡಬ್ಬಿ ಇತ್ತು. ಕೊಡೆ ಹಿಡಿದು ಬಂದ ತಿಮ್ಮಪ್ಪ ಬಹಳ ಹೊತ್ತು ಅವನನ್ನೇ ನೋಡಿದರು.

"ಎಂತ ಮಾಡ್ತಿದೀಯ ಮಾರಾಯ?"

"ಇಂಬಳಕ್ಕೆ ಕಾಯ್ತಿದೀನಿ."

"ಕಾಲೇಜು ಇವತ್ತೇ ಶುರುವಾಗಿದ್ದಲ್ವಾ? ಇಷ್ಟು ಬೇಗ ಹೀಗಾಯ್ತಾ," ಎಂದು ಅವರು ಮುಂದೆ ಹೋದರು.

ಕತ್ತಲಾಗುವ ಮುಂಚೆ ಒಂದು ಬಂತು. ಎಲೆಯ ತುದಿಯಲ್ಲಿ ನಿಂತು ಓಲಾಡಿತು. ಶಶಿಕಿರಣ್ ಎಡಗಾಲು ಮುಂದಿಟ್ಟ. ಅದು ಹಿಂದೆ ಸರಿಯಿತು. ಬಲಗಾಲು ಇಟ್ಟ. ಮತ್ತೂ ಸರಿಯಿತು. ಕೊನೆಗೆ ಅವನು ಬಗ್ಗಿ, ಇನ್ನೂ ಹೊಗೆಸೊಪ್ಪು ನಾರುವ ಕೈ ಚಾಚಿ, "ಬಾ ಮಾರಾಯ, ಒಂದಿನದ ಮಟ್ಟಿಗೆ," ಎಂದು ಬೇಡಿಕೊಂಡ.

ಇಂಬಳ ತಲೆಯೆತ್ತಿ ಅವನ ಬೆರಳನ್ನು ಒಂದು ಕ್ಷಣ ಪರಿಶೀಲಿಸಿತು. ಆಮೇಲೆ, ಪ್ರಕಟಣೆಗೆ ಯೋಗ್ಯವಲ್ಲ ಎಂಬಂತೆ ಮುಖ ತಿರುಗಿಸಿ, ತರಗೆಲೆಯ ಕೆಳಗೆ ಹೊರಟುಹೋಯಿತು.